ಚಿಂತೆಯಿದ್ದವರನ್ನು ಸುಖಿ ಎನ್ನಬಹುದೇ?

ಪ್ರಶ್ನೆ: ಮಕ್ಕಳಿಬ್ಬರನ್ನೂ ಓದಿಸಿ ದಡ ಸೇರಿಸಿದ್ದೇನೆ, ಊರಿನಲ್ಲಿ ಮರ್ಯಾದೆಯಿದೆ, ಬಾಳು ಸಾರ್ಥಕವೆಂದೇ ಅನ್ನಿಸುತ್ತದೆ. ಆದರೆ ತೊಗರಿ ಹೂ ಕಟ್ಟಿದಾಗಿನಿಂದ ಕಲಬುರಗಿಯ ಗಂಜಿನಲ್ಲಿ ಮಾಲು ಮಾರಿ ಬರುವವರೆಗೂ ಮೋಡ, ಕಾಯಿಕೊರಕ, ದರ ಎಂದು ಚಿಂತೆಯಲ್ಲೇ ದಿನ ಹೋಗುತ್ತದೆ. ಬಲ್ಲವರ ಪ್ರಕಾರ ನಾನು ಸುಖಿಯೋ, ಅಲ್ಲವೋ?
– ಓದುಗರೊಬ್ಬರು, ಚಿತ್ತಾಪುರ ತಾಲ್ಲೂಕು

ಉತ್ತರ: ಮಾನ್ಯರೇ, ಬಲ್ಲವರಲ್ಲೇ ಈ ಬಗ್ಗೆ ಒಮ್ಮತವಿಲ್ಲ. ಸುಖವೆಂದರೆ ನಲಿವು ಹೆಚ್ಚಿ ನೋವು ಕಡಿಮೆಯಾಗುವುದು ಎಂದ ಇಂಗ್ಲೆಂಡಿನ ತತ್ತ್ವಜ್ಞಾನಿ ಜೆರೆಮಿ ಬೆಂಥಾಮ್ ನಿಮ್ಮ ಲೆಕ್ಕ ಬರೆದರೆ, ಚಿಂತೆಯ ಆ ತಿಂಗಳುಗಳೆಲ್ಲ ಖರ್ಚಿನ ಕಡೆಗೇ ಬೀಳುತ್ತವೆ. ಭೋಗಿಯೆಂದು ಸುಮ್ಮನೆ ಹೆಸರು ಕೆಡಿಸಿಕೊಂಡ ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್ ನಿಜವಾಗಿ ಬಯಸಿದ್ದು ಕಳವಳವಿಲ್ಲದ ಮನಸ್ಸನ್ನು. ಅವನೂ ನಿಮ್ಮನ್ನು ಸುಖಿ ಎನ್ನಲಾರ.

ಗ್ರೀಸಿನವನೇ ಆದ ಅರಿಸ್ಟಾಟಲನ ದಾರಿ ಬೇರೆ. ಅವನ ಪಾಲಿಗೆ ಸುಖವು ಮನಸ್ಸಿನಲ್ಲಿ ಬಂದು ಹೋಗುವ ಭಾವವಲ್ಲ, ಇಡೀ ಆಯುಷ್ಯದುದ್ದಕ್ಕೂ ಸದ್ಗುಣಕ್ಕೆ ತಕ್ಕಂತೆ ನಡೆದುಕೊಳ್ಳುವ ಬಗೆ. ಆದ್ದರಿಂದ ಮೋಡ ಕವಿದು ಹೂ ಉದುರಿದ ವಾರದ ತಳಮಳ ಅದನ್ನು ಅಳಿಸಿಹಾಕುವುದಿಲ್ಲ. ಹಾಗೆಂದು ಗುಣವೊಂದಿದ್ದರೆ ಸಾಕೆಂದು ಅವನು ಹೇಳಲಿಲ್ಲ. ಗೆಳೆಯರು, ಮಕ್ಕಳು, ಒಂದಿಷ್ಟು ಆಸ್ತಿ, ಅದೃಷ್ಟವೂ ಬೇಕೆಂದು ಒಪ್ಪಿದ. ಮಳೆಯನ್ನು ನಂಬಿ ಬದುಕುವ ನಮ್ಮ ಭಾಗದವರಿಗೆ ಈ ಪ್ರಾಮಾಣಿಕತೆ ಹಿಡಿಸಬೇಕು.

ಮನೋವಿಜ್ಞಾನಿಗಳಲ್ಲಿ ಅಮೆರಿಕದ ಎಡ್ ಡೀನರ್ 1984ರಲ್ಲಿ, ಬಾಳಿನ ಬಗೆಗಿನ ತೃಪ್ತಿಯನ್ನೂ ದಿನನಿತ್ಯದ ಭಾವನೆಗಳನ್ನೂ ಬಿಡಿಬಿಡಿಯಾಗಿ ನೋಡಬೇಕೆಂದು ವಾದಿಸಿದರು. ಮರುವರ್ಷ ಅವರೂ ಸಂಗಡಿಗರೂ ರೂಪಿಸಿದ ಮಾಪಕದಲ್ಲಿ ಐದೇ ಹೇಳಿಕೆಗಳಿವೆ; ಮತ್ತೊಮ್ಮೆ ಬದುಕಲು ಸಿಕ್ಕರೆ ಏನನ್ನೂ ಹೆಚ್ಚು ಬದಲಿಸುತ್ತಿರಲಿಲ್ಲ ಎಂಬ ಅರ್ಥದ್ದು ಅವುಗಳಲ್ಲೊಂದು. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ನಿನ್ನೆ ಎಷ್ಟು ಚಿಂತಿಸಿದಿರಿ ಎಂದು ಅದು ಕೇಳುವುದೇ ಇಲ್ಲ, ಹಾಗಾಗಿ ನಿಮಗೆ ಒಳ್ಳೆಯ ಅಂಕವೇ ಬಂದೀತು. ಅಮೆರಿಕನ್ನರ ಸಮೀಕ್ಷೆಯನ್ನು ಆಧರಿಸಿ ಡೇನಿಯಲ್ ಕಾನ್‌ಮನ್ ಮತ್ತು ಆಂಗಸ್ ಡೀಟನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಆದಾಯ ಮತ್ತು ವಿದ್ಯೆ ಬಾಳಿನ ಮೌಲ್ಯಮಾಪನದೊಂದಿಗೆ ಹೆಚ್ಚು ನಂಟು ಹೊಂದಿದ್ದರೆ, ಅನಾರೋಗ್ಯ ಮತ್ತು ಒಂಟಿತನ ದಿನದ ಭಾವನೆಗಳೊಂದಿಗೆ ಹೆಚ್ಚು ಹೆಣೆದುಕೊಂಡಿದ್ದವು.

ಹೀಗಾಗಿ ನಿಮ್ಮ ತೃಪ್ತಿಯೂ ಸುಳ್ಳಲ್ಲ, ಚಿಂತೆಯೂ ಸುಳ್ಳಲ್ಲ. ಎರಡನ್ನೂ ಕೂಡಿಸಿ ಒಂದೇ ಅಂಕ ಕೊಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಒಂದು ವೇಳೆ ಮಾಲು ಮಾರಿ ಬಂದ ಮೇಲೂ ಚಿಂತೆ ಬಿಡದೆ ನಿದ್ದೆ, ಊಟ ಕೆಡುತ್ತಿದ್ದರೆ, ಅದು ತತ್ತ್ವಜ್ಞಾನಿಗಳ ಪ್ರಶ್ನೆಯಲ್ಲ, ವೈದ್ಯರದು. ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.