ಪ್ರತಿ: ಸಿಆರ್‌ಎನ್‌ಎ (ಅರಿವಳಿಕೆ ಕೊಡುವ ನರ್ಸ್) ವಿದ್ಯಾರ್ಥಿಗೆ ಎಎಎನ್‌ಎ ಸದಸ್ಯತ್ವ ಬೇಕಾ?

ಅಮೆರಿಕದ ಒಹಾಯೋದಲ್ಲಿ ನರ್ಸ್ ಅನಸ್ತೇಶಿಯಾ (ಅರಿವಳಿಕೆ) ಕೋರ್ಸಿಗೆ ಸೀಟು ಸಿಕ್ಕಿದೆ, ಅಲ್ಲಿನ ಅರಿವಳಿಕೆ ನರ್ಸ್‌ಗಳ ಸಂಘವಾದ ಎಎಎನ್‌ಎ ಸೇರಿದರೆ ಪರೀಕ್ಷೆಗೆ ಅನುಕೂಲವೇ ಎಂದು ಕೇಳಿದ್ದೀರಿ. ನೇರವಾಗಿ ಏನೂ ಇಲ್ಲ. ಸರ್ಟಿಫಿಕೇಶನ್ ಪರೀಕ್ಷೆ ನಡೆಸುವುದು ಎನ್‌ಬಿಸಿಆರ್‌ಎನ್‌ಎ ಎಂಬ ಮಂಡಳಿ, ಕೋರ್ಸಿಗೆ ಮಾನ್ಯತೆ ಕೊಡುವುದು ಸಿಒಎ ಎಂಬ ಕೌನ್ಸಿಲ್. ಎರಡೂ ಎಎಎನ್‌ಎಯಿಂದ ಬೇರೆಯಾದ ಸಂಸ್ಥೆಗಳು. ಸದಸ್ಯತ್ವ ನೋಡಿ ಯಾರೂ ಪಾಸು ಮಾಡುವುದಿಲ್ಲ, ಅಲ್ವಾ?

ಆದರೂ ಸೇರಿ ಎನ್ನುತ್ತೇನೆ. 1931ರಲ್ಲಿ ಅರಿವಳಿಕೆ ನರ್ಸ್ ಅಗಾಥಾ ಹಾಜಿನ್ಸ್ ಕಟ್ಟಿದ ಸಂಘ ಇದು, ಅದೂ ನಿಮ್ಮದೇ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿ. ಜರ್ನಲ್ ಸಿಗುತ್ತದೆ. ಅದಕ್ಕಿಂತ ಜಾಸ್ತಿ ಉಪಯೋಗ ವಾರ್ಷಿಕ ಸಮ್ಮೇಳನದ್ದು: ಕಾಲೇಜ್ ಬೌಲ್ ಕ್ವಿಜ್ ಇರುತ್ತದೆ, ಬೇರೆ ಕಾಲೇಜಿನವರ ಪರಿಚಯ ಆಗುತ್ತದೆ, ಮುಂದೆ ಕೆಲಸ ಹುಡುಕುವಾಗ ಅದೇ ಕೈಹಿಡಿಯುತ್ತದೆ. ಸುಮ್ನೆ ಹಣ ಕಟ್ಟಬೇಡಿ, ಫೀಸಿನಲ್ಲೇ ಸದಸ್ಯತ್ವ ಸೇರಿದೆಯಾ ಎಂದು ಮೊದಲು ಕಾಲೇಜಿನಲ್ಲಿ ಕೇಳಿ.