ಅವೇ ಗೋಲಿಗೆ ಎರಡು ಲೆಕ್ಕ ಅಂತ ಯಾರು ಹೇಳಿದ್ದು?

ಫುಟ್‌ಬಾಲ್‌ನಲ್ಲಿ ಎರಡು ಲೆಗ್‌ಗಳ (ಒಬ್ಬೊಬ್ಬರ ತವರಲ್ಲಿ ಒಂದೊಂದು ಪಂದ್ಯದ) ಫೈನಲ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ತಂಡಗಳ ಹೆಸರು ಮಾತ್ರ ಬದಲಾಗುತ್ತದೆ, ಪ್ರಶ್ನೆ ಬದಲಾಗುವುದಿಲ್ಲ. ಈ ಸಲ ಒಂದಕ್ಕೆ ಸಾವಕಾಶವಾಗಿ ಉತ್ತರಿಸಿ, ಉಳಿದವನ್ನು ಬೇಗ ಮುಗಿಸುತ್ತೇನೆ. ಅಗ್ರಿಗೇಟ್ ಅಂದರೇನು, ತವರು ಪಂದ್ಯ ಅಂದರೇನು ಎಂಬುದರಿಂದ ಶುರು ಮಾಡುವುದಿಲ್ಲ.

ದಕ್ಷಿಣ ಅಮೆರಿಕದ ಕ್ಲಬ್ ಟೂರ್ನಿಯಾದ ಕೋಪಾ ಲಿಬರ್ಟಡೋರೆಸ್‌ನ 2008ರ ಫೈನಲ್‌ನಲ್ಲಿ ಬ್ರೆಜಿಲ್‌ನ ಫ್ಲುಮಿನೆನ್ಸೆಗೆ ಮೋಸ ಆಯಿತಲ್ಲವೇ? ಕೀಟೊದಲ್ಲಿ 2-4, ರಿಯೊದಲ್ಲಿ 3-1, ಒಟ್ಟು 5-5. ಹೊರಗೆ ಅವರು ಹೊಡೆದದ್ದು ಎರಡು, ಕೀಟೊದ ಎಲ್‌ಡಿಯು ಹೊಡೆದದ್ದು ಒಂದು. ಕಪ್ ಅವರದೇ ಆಗಬೇಕಿತ್ತು. — ಒಬ್ಬ ಓದುಗರು, ಮಂಗಳೂರು

ಮೋಸ ಆಗಿಲ್ಲ. ನಿಮ್ಮ ಕೂಡುವ ಲೆಕ್ಕ ಸರಿ, ಹಾಕಿದ ನಿಯಮ ತಪ್ಪು. ಆ ವರ್ಷದ ಲಿಬರ್ಟಡೋರೆಸ್‌ನಲ್ಲಿ ಅವೇ ಗೋಲ್ ನಿಯಮ (ಒಟ್ಟು ಗೋಲು ಸಮ ಆದರೆ ಎದುರಾಳಿಯ ಮೈದಾನದಲ್ಲಿ ಹೆಚ್ಚು ಹೊಡೆದವರಿಗೆ ಗೆಲುವು) ಸೆಮಿಫೈನಲ್‌ವರೆಗೆ ಮಾತ್ರ. ಫೈನಲ್‌ನಲ್ಲಿ ಅಗ್ರಿಗೇಟ್ ಸಮ ಆದರೆ ನೇರ 30 ನಿಮಿಷ ಹೆಚ್ಚುವರಿ ಸಮಯ, ಆಮೇಲೆ ಪೆನಾಲ್ಟಿ ಶೂಟೌಟ್. ಹಾಗೇ ಆಯಿತು. ಹೆಚ್ಚುವರಿ ಸಮಯದಲ್ಲಿ ಗೋಲು ಬರಲಿಲ್ಲ, ಶೂಟೌಟ್‌ನಲ್ಲಿ ಎಲ್‌ಡಿಯು ಗೋಲ್‌ಕೀಪರ್ ಸೆವಾಯೊಸ್ ಮೂರು ಹೊಡೆತ ತಡೆದರು, 3-1ರಿಂದ ಕಪ್ ಈಕ್ವೆಡಾರ್‌ಗೆ ಹೋಯಿತು. ತಮಾಷೆಯೆಂದರೆ, ಇದೇ ಎಲ್‌ಡಿಯು ಸೆಮಿಫೈನಲ್ ದಾಟಿದ್ದು ಅವೇ ಗೋಲಿನಿಂದಲೇ: ಮೆಕ್ಸಿಕೊದ ಅಮೆರಿಕಾ ತಂಡದ ಎದುರು ಹೊರಗೆ 1-1, ತವರಲ್ಲಿ 0-0.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಪಂದ್ಯ ಮುಗಿದ ಮೇಲೆ ಬೇರೊಂದು ನಿಯಮ ತಂದು ಸ್ಕೋರಿನ ಮೇಲೆ ಹೇರುವುದು. ರಿಯೊದ ಮರಕಾನಾದಲ್ಲಿ 56ನೇ ನಿಮಿಷಕ್ಕೆ ಥಿಯಾಗೊ ನೆವೆಸ್ ಮೂರನೇ ಗೋಲು ಹೊಡೆದು 3-1 ಮಾಡಿದರು. ಅವೇ ಗೋಲ್ ಲೆಕ್ಕಕ್ಕಿದ್ದಿದ್ದರೆ ಆ ಕ್ಷಣದಿಂದ ಫ್ಲುಮಿನೆನ್ಸೆ ಹಿಂದಕ್ಕೆ ಸರಿದು ಬಾಗಿಲು ಹಾಕಿಕೊಳ್ಳುತ್ತಿತ್ತು, ಎಲ್‌ಡಿಯು ಗೋಲಿಗಾಗಿ ಮೈಮೇಲೆ ಬೀಳುತ್ತಿತ್ತು. ನಿಯಮ ಇರಲಿಲ್ಲ; ಹಾಗಾಗಿ ಮುನ್ನುಗ್ಗಬೇಕಾದ ಒತ್ತಡ ತವರಿನವರ ಮೇಲೆ ಉಳಿಯಿತು, ಎಲ್‌ಡಿಯುಗೆ ಕಾದು ಆಡಿದರೂ ನಡೆಯುತ್ತಿತ್ತು. ನಿಯಮ ಬೇರೆಯಾದರೆ ಕೊನೆಯ ಅರ್ಧ ಗಂಟೆಯ ಆಟವೇ ಬೇರೆಯಾಗುತ್ತದೆ, 3-1 ಎಂಬ ಸ್ಕೋರು ಹಾಗೇ ಉಳಿಯುತ್ತಿತ್ತು ಅನ್ನುವುದಕ್ಕೆ ಆಧಾರವಿಲ್ಲ.

‘ಅವೇ ಗೋಲಿಗೆ ಎರಡು ಲೆಕ್ಕ’ ಎನ್ನುವ ಮಾತನ್ನು ದಯವಿಟ್ಟು ಬಿಡಿ. ಅಗ್ರಿಗೇಟ್ ಕೂಡುವಾಗ ಯಾವ ಗೋಲಿಗೂ ಎರಡು ಲೆಕ್ಕವಿಲ್ಲ. ಅಗ್ರಿಗೇಟ್ ಸಮ ಆದಾಗ ಮಾತ್ರ, ಅದೂ ಆ ಟೂರ್ನಿಯ ನಿಯಮದಲ್ಲಿ ಬರೆದಿದ್ದರೆ ಮಾತ್ರ, ಹೊರಗೆ ಹೆಚ್ಚು ಹೊಡೆದವರು ಯಾರು ಎಂದು ನೋಡುತ್ತಾರೆ. ಟಿವಿಯಲ್ಲಿ ಕೂತ ಮಾಜಿ ಆಟಗಾರರೇ ಈ ‘ಡಬಲ್’ ಮಾತು ಆಡಿ ಜನರನ್ನು ಕೆಡಿಸಿದ್ದಾರೆ. 4-2 ಸೋತವರಂತೆ 5-2 ಸೋತವರೂ ‘ಎರಡು ಅವೇ ಗೋಲ್ ಇದೆ’ ಎಂದು ಸಮಾಧಾನ ಪಡುವುದನ್ನು ನೋಡಿದರೆ ಕಿರಿಕಿರಿಯಾಗುತ್ತದೆ. ಆ ಮೂರನೇ ಗೋಲಿನ ಅಂತರವೇ ಮುಂದಿನ ಲೆಗ್‌ನಲ್ಲಿ ಕತ್ತು ಹಿಡಿಯುವುದು.

ಹಳೆಯ ಫೈನಲ್‌ಗಳಲ್ಲಿ ಇನ್ನೂ ಜಾರುವ ಜಾಗವಿದೆ. 1987ರ ಫೈನಲ್ ತೆಗೆದುಕೊಳ್ಳಿ. ಕೊಲಂಬಿಯಾದ ಅಮೆರಿಕಾ ಡಿ ಕಾಲಿ ತವರಲ್ಲಿ 2-0 ಗೆದ್ದಿತು, ಉರುಗ್ವೆಯ ಪೆನ್ಯಾರೋಲ್ ತನ್ನ ತವರಲ್ಲಿ 2-1 ಗೆದ್ದಿತು. ಕೂಡಿದರೆ 3-2, ಅಮೆರಿಕಾ ಮುಂದೆ. ಆದರೆ ಆಗ ಫೈನಲ್ ನಡೆಯುತ್ತಿದ್ದದ್ದು ಗೋಲಿನ ಮೊತ್ತದ ಮೇಲಲ್ಲ, ಅಂಕದ ಮೇಲೆ. ಗೆಲುವಿಗೆ ಎರಡಂಕ, ಇಬ್ಬರಿಗೂ ಒಂದೊಂದು ಗೆಲುವು, ಆದ್ದರಿಂದ ಮೂರನೇ ಪಂದ್ಯ ತಟಸ್ಥ ಸ್ಥಳವಾದ ಸ್ಯಾಂಟಿಯಾಗೊದಲ್ಲಿ. ಅಲ್ಲೂ ಡ್ರಾ ಆಗಿದ್ದರೆ ಮಾತ್ರ ಗೋಲಿನ ಅಂತರ ಲೆಕ್ಕಕ್ಕೆ ಬಂದು ಕಪ್ ಅಮೆರಿಕಾಗೆ ಸಿಗುತ್ತಿತ್ತು. 120ನೇ ನಿಮಿಷದವರೆಗೆ 0-0. ಅದೇ ನಿಮಿಷದಲ್ಲಿ ಡಿಯೆಗೊ ಅಗಿರ್ರೆ ಎಡಗಾಲಲ್ಲಿ ಹೊಡೆದ ಗೋಲಿಗೆ ಕಪ್ ಪೆನ್ಯಾರೋಲ್ ಪಾಲಾಯಿತು. ‘ಅಗ್ರಿಗೇಟ್‌ನಲ್ಲಿ ಗೆದ್ದವರು ಸೋತರು’ ಎಂದು ಬರೆಯುವವರು ಇವತ್ತಿನ ಅಳತೆಗೋಲು ಹಿಡಿದು ಅಂದಿನ ಪಂದ್ಯ ಅಳೆಯುತ್ತಿದ್ದಾರೆ.

ಆದ್ದರಿಂದ ಯಾವುದೇ ಎರಡು ಲೆಗ್ ಫೈನಲ್ ನೋಡುವ ಮೊದಲು ಆ ವರ್ಷದ ಟೂರ್ನಿ ನಿಯಮಾವಳಿ ತೆರೆದು, ನಾಕೌಟ್ ಸುತ್ತಿನ ಭಾಗದಲ್ಲಿ ನಿಲ್ಲಬೇಡಿ, ಫೈನಲ್‌ಗೆ ಬೇರೆ ಕಲಮು ಇದೆಯೇ ನೋಡಿ. ಅದರಲ್ಲಿ ಮೂರು ವಿಷಯ ಹುಡುಕಿ: ಸಮ ಆದರೆ ಅವೇ ಗೋಲ್ ಉಂಟೇ, ಹೆಚ್ಚುವರಿ ಸಮಯ ಉಂಟೇ ಅಥವಾ ನೇರ ಪೆನಾಲ್ಟಿಯೇ, ಹೆಚ್ಚುವರಿ ಸಮಯದಲ್ಲಿ ಬಂದ ಗೋಲೂ ಅವೇ ಲೆಕ್ಕಕ್ಕೆ ಸೇರುತ್ತದೆಯೇ. ಒಂದೊಂದು ಖಂಡದಲ್ಲಿ ಉತ್ತರ ಒಂದೊಂದು. ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಅವೇ ಗೋಲ್ ನಡೆಯುತ್ತಿತ್ತು: 1992ರಲ್ಲಿ ಟೊರಿನೊ ಎದುರು ಹೊರಗೆ 2-2, ತವರಲ್ಲಿ 0-0 ಮಾಡಿಕೊಂಡ ಆಯಾಕ್ಸ್ ಒಂದೂ ಪಂದ್ಯ ಗೆಲ್ಲದೆ ಕಪ್ ಎತ್ತಿತು. ಆಫ್ರಿಕಾದ ಚಾಂಪಿಯನ್ಸ್ ಲೀಗ್‌ನಲ್ಲೂ 2014ರಲ್ಲಿ ಸೆಟಿಫ್ ತಂಡ ಹೀಗೇ ಗೆದ್ದಿತು, ಕಿನ್ಶಾಸಾದಲ್ಲಿ 2-2, ತವರಲ್ಲಿ 1-1. ಯುರೋಪ್ ಈ ನಿಯಮವನ್ನು 2021ರಲ್ಲಿ ಕೈಬಿಟ್ಟಿತು, ದಕ್ಷಿಣ ಅಮೆರಿಕವೂ ಅದೇ ವರ್ಷ ಬಿಡುವ ತೀರ್ಮಾನ ಮಾಡಿತು.

ಬೆಂಗಳೂರಿನವರಿಗೆ ಇದು ದೂರದ ಮಾತೇನಲ್ಲ. 2023ರ ಮಾರ್ಚ್‌ನ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಬಿಎಫ್‌ಸಿ ಮುಂಬೈಯಲ್ಲಿ 1-0 ಗೆದ್ದು ಕಂಠೀರವದಲ್ಲಿ 1-2 ಸೋತಿತು. ಅವೇ ಗೋಲ್ ನಿಯಮವಿದ್ದಿದ್ದರೆ ಮುಂಬೈ ಮುಂದೆ ಹೋಗುತ್ತಿತ್ತು. ಇರಲಿಲ್ಲ, ಪೆನಾಲ್ಟಿಯಲ್ಲಿ 9-8ರಿಂದ ನಾವು ಹೋದೆವು. ಆ ರಾತ್ರಿ ಯಾರೂ ‘ಮೋಸ’ ಅಂತ ಬರೆದು ಕೇಳಲಿಲ್ಲ ಬಿಡಿ.

2018ರ ಲಿಬರ್ಟಡೋರೆಸ್ ಫೈನಲ್ ಮ್ಯಾಡ್ರಿಡ್‌ನಲ್ಲಿ ನಡೆದಾಗ ಯಾರಿಗೆ ಅದು ತವರು? — ಧಾರವಾಡ

ಕಾಗದದ ಮೇಲೆ ರಿವರ್ ಪ್ಲೇಟ್‌ಗೆ. ಎದುರಾಳಿ ಬೊಕಾ ತಂಡದ ಬಸ್ಸಿನ ಮೇಲೆ ದಾಳಿಯಾಗಿ ಎರಡನೇ ಲೆಗ್ ಸಾಗರ ದಾಟಿತು, ಲೆಗ್‌ಗಳ ಲೆಕ್ಕ ಬದಲಾಗಲಿಲ್ಲ. ಬೊಕಾದ ತವರು ಬೊಂಬೊನೆರಾದಲ್ಲಿ 2-2, ಮ್ಯಾಡ್ರಿಡ್‌ನಲ್ಲಿ 90 ನಿಮಿಷಕ್ಕೆ 1-1. ಅವೇ ಗೋಲ್ ಇದ್ದಿದ್ದರೆ ರಿವರ್ ಅಲ್ಲೇ ಚಾಂಪಿಯನ್. ಇಲ್ಲದ್ದರಿಂದ ಹೆಚ್ಚುವರಿ ಸಮಯ. ಬ್ಯಾರಿಯೊಸ್‌ಗೆ ಕೆಂಪು ಕಾರ್ಡ್, ಬದಲಿ ಆಟಗಾರರು ಮುಗಿದ ಮೇಲೆ ಗಾಗೊಗೆ ಗಾಯ, ಬೊಕಾ ಒಂಬತ್ತೇ ಮಂದಿ. ಕೊನೆಗೆ ಕೀಪರ್ ಕೂಡ ಕಾರ್ನರ್‌ಗೆ ಓಡಿದಾಗ ರಿವರ್‌ನ ಪಿಟಿ ಮಾರ್ಟಿನೆಜ್ ಖಾಲಿ ಗೋಲಿಗೆ ಚೆಂಡು ಸಾಗಿಸಿ 3-1 ಮಾಡಿದರು. ಹಲವರಿಗೆ ಗೊತ್ತಿಲ್ಲದ ಸಂಗತಿ: ಶೂಟೌಟ್‌ಗೆ ಹೋಗಿದ್ದರೆ ಒಂಬತ್ತು ಮಂದಿಯ ಎದುರು ರಿವರ್ ಕೂಡ ಇಬ್ಬರನ್ನು ಹೊರಗಿಟ್ಟು ಸಂಖ್ಯೆ ಸರಿಮಾಡಿಕೊಳ್ಳಬೇಕಿತ್ತು. ಕಳಪೆಯಾಗಿ ಪೆನಾಲ್ಟಿ ಹೊಡೆಯುವ ಇಬ್ಬರನ್ನು ತೆಗೆದರೆ ಅದು ನಷ್ಟವಲ್ಲ, ಲಾಭ.

ಎರಡನೇ ಲೆಗ್ ತವರಲ್ಲಿದ್ದರೆ ಅರ್ಧ ಕಪ್ ಗೆದ್ದಂತೆ, ಸರಿಯೇ? — ಹುಬ್ಬಳ್ಳಿ

ಫ್ಲುಮಿನೆನ್ಸೆಯನ್ನು ಕೇಳಿ. 2009ರಲ್ಲಿ ಹೊರಗೆ 0-0 ಮಾಡಿ ಬಂದು ಬೆಲೊ ಹೊರಿಜಾಂಟೆಯಲ್ಲಿ 1-2 ಸೋತ ಕ್ರುಜೈರೊವನ್ನೂ ಕೇಳಿ.

ಕೀಟೊದ ಎತ್ತರಕ್ಕೆ ತಂಡಗಳು ಕೋಕಾ ಎಲೆ ಟೀ ಕುಡಿದು ಆಡುತ್ತವಂತೆ? — ಮಡಿಕೇರಿ

ಪ್ರವಾಸಿಗಳು ಕುಡಿಯಲಿ. ಆಟಗಾರ ಕುಡಿದರೆ ಮೂತ್ರದಲ್ಲಿ ಕೊಕೇನ್‌ನ ಅಂಶ ಸಿಕ್ಕಿ ಡೋಪಿಂಗ್ ಪ್ರಕರಣವಾಗುತ್ತದೆ. ಕೀಟೊ ಸುಮಾರು 2,850 ಮೀಟರ್ ಎತ್ತರ. ಅಲ್ಲಿ ಒಂದು ಓಟದಿಂದ ಇನ್ನೊಂದಕ್ಕೆ ಉಸಿರು ಹಿಡಿಯಲು ಹೆಚ್ಚು ಹೊತ್ತು ಬೇಕು. ಗಾಳಿ ತೆಳು, ಚೆಂಡು ವೇಗವಾಗಿ ಸಾಗುತ್ತದೆ, ಕಡಿಮೆ ಬಾಗುತ್ತದೆ; ದೂರದ ಹೊಡೆತಕ್ಕೆ ಕೀಪರ್ ಮೋಸ ಹೋಗುವುದು ಇದರಿಂದ. ಇರುವ ದಾರಿ ಎರಡೇ: ಎರಡು ವಾರಕ್ಕೂ ಮುಂಚೆ ಹೋಗಿ ಒಗ್ಗಿಕೊಳ್ಳಿ, ಇಲ್ಲವೇ ಸಮುದ್ರಮಟ್ಟದ ಗ್ವಾಯಾಕಿಲ್‌ನಲ್ಲಿ ಉಳಿದು ಪಂದ್ಯದ ಹೊತ್ತಿಗೆ ವಿಮಾನ ಹತ್ತಿ. ಎರಡು ಮೂರು ದಿನ ಮೊದಲು ಹೋಗಿ ‘ಅಭ್ಯಾಸ ಮಾಡಿಕೊಳ್ಳುವುದು’ ಅತಿ ಕೆಟ್ಟ ಆಯ್ಕೆ, ತಲೆನೋವು ಮತ್ತು ನಿದ್ದೆಗೇಡು ಆಗಲೇ ಜೋರು.

ಟೆಲಿಗ್ರಾಂ ಗುಂಪೊಂದು ದುಡ್ಡು ತೆಗೆದುಕೊಂಡು ಫೈನಲ್‌ನ ‘ಫಿಕ್ಸ್ ಆದ’ ಸ್ಕೋರ್ ಕೊಡುತ್ತದೆ. ಮೊದಲ ಲೆಗ್ ಸರಿಯಾಗಿತ್ತು. ನಂಬಬಹುದೇ? — ಹೆಸರು ಬೇಡ

ಅರ್ಧ ಜನಕ್ಕೆ ಒಂದು ಸ್ಕೋರ್, ಇನ್ನರ್ಧ ಜನಕ್ಕೆ ಇನ್ನೊಂದು ಕಳಿಸಿದ್ದಾರೆ. ನೀವು ಸರಿಯಾದ ಅರ್ಧದಲ್ಲಿದ್ದಿರಿ, ಎರಡನೇ ಲೆಗ್‌ಗೆ ಹೆಚ್ಚು ದುಡ್ಡು ಕೇಳುವುದು ನಿಮ್ಮ ಹತ್ತಿರವೇ. ಕೊಡಬೇಡಿ, ಗುಂಪಿನಿಂದ ಹೊರಗೆ ಬನ್ನಿ.

ಮೊದಲ ಲೆಗ್ ಡ್ರಾ ಆದರೆ ಅವತ್ತೇ ಹೆಚ್ಚುವರಿ ಸಮಯ ಆಡಿಸುತ್ತಾರೆಯೇ? — ಬಳ್ಳಾರಿ

ಇಲ್ಲ.

ರೆಫರಿ ಅನ್ಯಾಯ ಮಾಡಿದರೆ ಮೈದಾನ ಬಿಟ್ಟು ಹೋಗಬಾರದೇಕೆ? — ಬೆಳಗಾವಿ

2019ರಲ್ಲಿ ಮೊರಾಕ್ಕೊದ ವಿಡಾಡ್ ಆಫ್ರಿಕಾ ಫೈನಲ್‌ನ ಎರಡನೇ ಲೆಗ್‌ನಲ್ಲಿ ಹಾಗೇ ಮಾಡಿತು. ಗೋಲು ರದ್ದಾಗಿತ್ತು, ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಕೆಟ್ಟು ಕೂತಿತ್ತು, ಅವರ ಸಿಟ್ಟಿಗೆ ಕಾರಣವಿತ್ತು. ಪ್ರಕರಣ ಕ್ರೀಡಾ ನ್ಯಾಯಮಂಡಳಿಯವರೆಗೂ ಹೋಯಿತು. ಕಪ್ ಉಳಿದದ್ದು ಆಡಲು ಸಿದ್ಧವಾಗಿ ಮೈದಾನದಲ್ಲೇ ನಿಂತ ಟ್ಯುನೀಸಿಯಾದ ಎಸ್ಪೆರಾನ್ಸ್ ಬಳಿ. ಪ್ರತಿಭಟನೆ ಬೇಕಿದ್ದರೆ ಪಂದ್ಯ ಮುಗಿಸಿ ಬರವಣಿಗೆಯಲ್ಲಿ ಕೊಡಿ.