ಧರ್ಮಗಳ ಪದಗಳು ತಲೆಗೆ ಹತ್ತಬೇಕಾದರೆ ಉಪವಾಸದಿಂದ ಶುರು ಮಾಡಿ

ನಿಮ್ಮ ಪ್ರಶ್ನೆ ಇದು: ಡಿಗ್ರಿಯಲ್ಲಿ ಜಗತ್ತಿನ ಧರ್ಮಗಳ ಬಗ್ಗೆ ಒಂದು ಪೇಪರ್ ಇದೆ. ತೌಹೀದ್, ತ್ರಿತ್ವ, ನಿರ್ಜರೆ, ಅನಾತ್ಮ ಅಂತ ಉದ್ದದ ಪಟ್ಟಿ ಕೊಟ್ಟಿದ್ದಾರೆ. ಎಷ್ಟು ಬಾಯಿಪಾಠ ಮಾಡಿದರೂ ಮರುದಿನ ಎಲ್ಲ ಕಲಸಿಹೋಗುತ್ತದೆ. ಜೊತೆಗೆ ಇನ್ನೊಂದು ಮಾತನ್ನೂ ಕೇಳಿದ್ದೀರಿ: ಎಲ್ಲ ಧರ್ಮವೂ ಹೇಳುವುದು ಒಂದನ್ನೇ ಅಲ್ವಾ, ಮತ್ತೆ ಇಷ್ಟೊಂದು ಪದ ಯಾಕೆ?

ನಾನು ಕಾಸರಗೋಡು ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಸಮಾಜ ಪಾಠ ಮಾಡುತ್ತೇನೆ. ನನ್ನ ಕ್ಲಾಸಿನಲ್ಲಿ ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಹವ್ಯಕ ಕನ್ನಡ ಎಲ್ಲ ಮನೆಮಾತಿನ ಮಕ್ಕಳೂ ಇದ್ದಾರೆ. ಅವರಿಗೆ ಹೇಳಿಕೊಡುವ ದಾರಿಯನ್ನೇ ನಿಮಗೂ ಹೇಳುತ್ತೇನೆ. ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ಎಲ್ಲ ಕಡೆ ಕಾಣುವ ಒಂದು ಆಚರಣೆಯನ್ನು ಹಿಡಿಯಿರಿ. ನನ್ನ ಮಟ್ಟಿಗೆ ಅದು ಉಪವಾಸ. ಊಟ ಬಿಡುವುದು ಎಲ್ಲ ಕಡೆ ಒಂದೇ ಥರದ ಕೆಲಸ. ಯಾಕೆ ಬಿಡುತ್ತೀರಿ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರ ಉತ್ತರ ಒಂದೊಂದು ಥರ. ಆ ಉತ್ತರವನ್ನು ಬಿಡಿಸುತ್ತಾ ಹೋದರೆ ನಿಮ್ಮ ಪಟ್ಟಿಯ ಮುಕ್ಕಾಲು ಪದಗಳು ತಾವಾಗಿಯೇ ಬಂದು ಕೂರುತ್ತವೆ.

ನಮ್ಮ ಕಡೆ ರಂಜಾನ್ ಉಪವಾಸಕ್ಕೆ ನೋಂಬು ಅನ್ನುತ್ತಾರೆ. ನೋಂಬಿನ ತಿಂಗಳು ಪರೀಕ್ಷೆಯ ಸಮಯಕ್ಕೆ, ಸೆಕೆಗಾಲಕ್ಕೆ ಬಂದ ವರ್ಷ ಸ್ಟಾಫ್ ರೂಮಿನ ಕಿಟಕಿಯಿಂದ ಒಂದು ದೃಶ್ಯ ನೋಡಿದ್ದೆ. ಎಂಟನೇ ಕ್ಲಾಸಿನ ಹುಡುಗ ಮಧ್ಯಾಹ್ನದ ನಮಾಜಿಗೆ ಮೊದಲು ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದ. ಬೊಗಸೆಯಲ್ಲಿ ನೀರು ಹಿಡಿದ, ಬಾಯಿಗೆ ಹಾಕಿದ, ಮುಕ್ಕಳಿಸಿದ, ಉಗಿದ. ಸುತ್ತ ಒಂದು ಪಿಳ್ಳೆಯೂ ಇರಲಿಲ್ಲ. ಬೆಳಗಿನ ಜಾವದಿಂದ ಒಂದು ಹನಿ ನೀರು ಕುಡಿಯದ ಹುಡುಗ. ಒಂದು ಗುಟುಕು ಒಳಗೆ ಹೋಗಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಅವನ ಪ್ರಕಾರ ಒಬ್ಬನಿಗೆ ಗೊತ್ತಾಗುತ್ತಿತ್ತು. ಅಲ್ಲಾಹು ನೋಡುತ್ತಾನೆ ಅನ್ನುವ ಈ ಎಚ್ಚರಕ್ಕೆ ತಖ್ವಾ ಅನ್ನುತ್ತಾರೆ. ಕುರ್‌ಆನಿನ ಎರಡನೇ ಅಧ್ಯಾಯದ 183ನೇ ವಚನ ಉಪವಾಸವನ್ನು ಕಡ್ಡಾಯ ಮಾಡುವುದೇ ಈ ತಖ್ವಾ ಬೆಳೆಯಲಿ ಅನ್ನುವ ಕಾರಣಕ್ಕೆ.

ಈಗ ಅಲ್ಲಿಂದ ಮುಂದೆ ಹೋಗಿ. ನೋಡುವವನು ಒಬ್ಬನೇ, ಅವನಿಗೆ ಸಮಾನರಿಲ್ಲ, ಪಾಲುದಾರರಿಲ್ಲ. ಇದು ತೌಹೀದ್. ಅವನ ಜೊತೆ ಇನ್ನೊಬ್ಬರನ್ನು ಸೇರಿಸುವುದು ಶಿರ್ಕ್. ಇಸ್ಲಾಮಿನಲ್ಲಿ ಅದಕ್ಕಿಂತ ದೊಡ್ಡ ಪಾಪ ಇಲ್ಲ. ಮುಹಮ್ಮದರು ಪ್ರವಾದಿ, ದೇವರ ಸಂದೇಶ ತಂದವರು. ಅವರನ್ನು ಎಷ್ಟು ಪ್ರೀತಿಸಿದರೂ ಪೂಜಿಸುವಂತಿಲ್ಲ. ಇದೆಲ್ಲ ತೌಹೀದ್ ಅನ್ನುವ ಒಂದೇ ಕಂಬಕ್ಕೆ ಕಟ್ಟಿದ ಮಾತುಗಳು. ಇನ್ನು ರಂಜಾನ್ ಮುಗಿದು ಪೆರ್ನಾಳ್, ಅಂದರೆ ಈದ್ ಹಬ್ಬದ ನಮಾಜಿಗೆ ಮೊದಲು ಬಡವರ ಮನೆಗೆ ಧಾನ್ಯ ತಲುಪಿಸಬೇಕು. ನಮ್ಮಲ್ಲಿ ಅಕ್ಕಿ ಕೊಡುತ್ತಾರೆ. ಅದು ಫಿತ್ರ್ ಝಕಾತ್. ವರ್ಷಕ್ಕೊಮ್ಮೆ ಉಳಿತಾಯದ ಮೇಲೆ ಶೇಕಡಾ 2.5ರಂತೆ ಕೊಡುವ ಝಕಾತ್ ಬೇರೆ. ಎರಡನ್ನೂ ದಾನ ಅಂತ ಬರೆದರೆ ಅರ್ಧ ಸರಿ, ಅಷ್ಟೇ. ದಾನ ಕೊಡುವವನ ಇಷ್ಟ. ಇದು ಬಡವನ ಹಕ್ಕು.

ಇದೇ ಊರಿನ ಕ್ರೈಸ್ತರ ಮನೆಗೆ ಬನ್ನಿ. ಬೇಳದ ಕಡೆ, ಮಂಜೇಶ್ವರದ ಕಡೆ ಕೊಂಕಣಿ ಮಾತಾಡುವ ಕಥೋಲಿಕರು ಇದ್ದಾರೆ. ಅವರ ತಪಸ್ಸು ಕಾಲ ಬೂದಿ ಬುಧವಾರದಿಂದ ಶುರುವಾಗಿ ಈಸ್ಟರ್ ತನಕ. ಭಾನುವಾರಗಳನ್ನು ಬಿಟ್ಟರೆ 40 ದಿನ. ಯೇಸು ಮರುಭೂಮಿಯಲ್ಲಿ 40 ದಿನ ಉಪವಾಸ ಇದ್ದ ನೆನಪು. ಮೊದಲ ದಿನ ಪಾದ್ರಿಗಳು ಹಣೆಗೆ ಬೂದಿ ಹಚ್ಚಿ, ನೀನು ಮಣ್ಣು, ಮಣ್ಣಿಗೇ ಹೋಗುವವನು ಅನ್ನುವ ಅರ್ಥದ ಮಾತು ಹೇಳುತ್ತಾರೆ. ಹಿಂದಿನ ವರ್ಷದ ಗರಿಗಳ ಭಾನುವಾರ ಆಶೀರ್ವದಿಸಿದ ಗರಿಗಳನ್ನು ಸುಟ್ಟು ಆ ಬೂದಿ ಮಾಡುವ ಪದ್ಧತಿ.

ಇಲ್ಲಿ ಊಟ ಬಿಡುವುದು ಪಶ್ಚಾತ್ತಾಪಕ್ಕೆ. ಇಲ್ಲಿ ಪಾಪ ಅಂದರೆ ನಿನ್ನೆ ಮಾಡಿದ ಒಂದು ತಪ್ಪು ಮಾತ್ರ ಅಲ್ಲ. ಮನುಷ್ಯ ಹುಟ್ಟುವುದೇ ದೇವರಿಂದ ದೂರವಾದ ಸ್ಥಿತಿಯಲ್ಲಿ ಅನ್ನುತ್ತಾರೆ, ಅದು ಮೂಲಪಾಪ. ಅದನ್ನು ಉಪವಾಸ ಮಾಡಿ, ಪುಣ್ಯ ಕೂಡಿಸಿ ತೀರಿಸಲು ಆಗುವುದಿಲ್ಲ. ದೇವರೇ ಇಳಿದುಬಂದು ಶಿಲುಬೆಯ ಮೇಲೆ ಸತ್ತು ಎದ್ದು ತೀರಿಸಿದ, ನಮಗೆ ಸಿಗುವುದು ಅವನ ಕೃಪೆ ಅನ್ನುವುದು ಅವರ ನಂಬಿಕೆ. ಕೃಪೆಯನ್ನು ಗಳಿಸಲು ಆಗದು ಅನ್ನುವ ಮಾತಿಗೆ ಒತ್ತು ಕೊಟ್ಟೇ ಮಾರ್ಟಿನ್ ಲೂಥರ್ ಚರ್ಚಿನೊಂದಿಗೆ ಜಗಳಕ್ಕೆ ನಿಂತದ್ದು. ಆ ಜಗಳ 1517ರಲ್ಲಿ ಶುರುವಾಯಿತು.

ತ್ರಿತ್ವ ಯಾಕೆ ಕಷ್ಟ ಗೊತ್ತಾ? ಅದನ್ನು ಲೆಕ್ಕದ ಹಾಗೆ ಓದುತ್ತೇವೆ. ಮೂರು ಹೇಗೆ ಒಂದಾಗುತ್ತದೆ ಅಂತ ತಲೆ ಕೆಡಿಸಿಕೊಳ್ಳುತ್ತೇವೆ. ಅದನ್ನು ಒಂದು ಇಕ್ಕಟ್ಟಿಗೆ ಕೊಟ್ಟ ಉತ್ತರ ಅಂತ ಓದಿ ನೋಡಿ. ದೇವರು ಒಬ್ಬನೇ ಅನ್ನುವುದನ್ನು ಕ್ರೈಸ್ತರು ಯಹೂದಿಗಳಿಂದ ಪಡೆದರು, ಬಿಡಲು ತಯಾರಿರಲಿಲ್ಲ. ಯೇಸುವೂ ದೇವರು ಅನ್ನುವುದನ್ನೂ ಬಿಡಲು ತಯಾರಿರಲಿಲ್ಲ. ಆದರೆ ಅದೇ ಯೇಸು ಕೈಜೋಡಿಸಿ ತಂದೆಗೆ ಪ್ರಾರ್ಥಿಸುತ್ತಾನಲ್ಲ? 325ರಲ್ಲಿ ನೈಸೀಯದಲ್ಲಿ ಸೇರಿದ ಕ್ರೈಸ್ತ ಧರ್ಮಗುರುಗಳ ಸಭೆ ಮಗನೂ ತಂದೆಯೂ ಒಂದೇ ಸತ್ತ್ವ ಅಂತ ತೀರ್ಮಾನಿಸಿತು. ತಂದೆ, ಮಗ, ಪವಿತ್ರಾತ್ಮ, ದೇವರು ಒಬ್ಬನೇ ಅನ್ನುವ ಮಾತು ಗಟ್ಟಿಯಾದದ್ದು ಆ ಶತಮಾನದಲ್ಲಿ. ತೌಹೀದ್ ಇದನ್ನು ನೇರವಾಗಿ ನಿರಾಕರಿಸುತ್ತದೆ. ಎರಡನ್ನೂ ಎದುರುಬದುರು ಇಟ್ಟು ಓದಿದರೆ ಎರಡೂ ನೆನಪಿರುತ್ತವೆ.

ಜೈನರ ವಿಷಯಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಪಠ್ಯಪುಸ್ತಕಗಳು ಅಹಿಂಸೆ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುವುದು ನೋಡಿ ನನಗೆ ಬೇಜಾರಾಗುತ್ತದೆ. ಬಂಗ್ರಮಂಜೇಶ್ವರದಲ್ಲಿ ಹಳೆಯ ಬಸದಿ ಇದೆ. ಒಂದು ಕಾಲಕ್ಕೆ ಈ ಕರಾವಳಿಯಲ್ಲಿ ಜೈನರ ಪ್ರಭಾವ ಜೋರಾಗಿತ್ತು. ಅವರ ಪ್ರಕಾರ ಕರ್ಮ ಅನ್ನುವುದು ಬರೀ ಲೆಕ್ಕ ಅಲ್ಲ, ಒಂದು ವಸ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಜೀವಕ್ಕೆ ಅಂಟುತ್ತವೆ. ಅಂಟಿಸುವುದು ಕಷಾಯಗಳು, ಅಂದರೆ ಕ್ರೋಧ, ಮಾನ (ಗರ್ವ), ಮಾಯೆ (ಕಪಟ), ಲೋಭ. ತೂತು ಬಿದ್ದ ದೋಣಿಯ ಉದಾಹರಣೆಯನ್ನು ಜೈನರೇ ಕೊಡುತ್ತಾರೆ. ನೀರು ಒಳಗೆ ಬರುವುದು ಆಸ್ರವ. ತೂತು ಮುಚ್ಚುವುದು ಸಂವರ. ಒಳಗೆ ಸೇರಿದ ನೀರನ್ನು ಮೊಗೆದು ಹೊರಗೆ ಚೆಲ್ಲುವುದು ನಿರ್ಜರೆ. ಪೂರ್ತಿ ಖಾಲಿಯಾದರೆ ಮೋಕ್ಷ. ಚಂದ್ರಗಿರಿ ಹೊಳೆಯ ದಡದ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗುವುದಿಲ್ಲ.

ಉಪವಾಸ ಈ ನಿರ್ಜರೆಯ ಕೆಲಸ. ಅದಕ್ಕೇ ಅದರಲ್ಲಿ ಅಷ್ಟು ಬಗೆ. ಪೂರ್ತಿ ಊಟ ಬಿಡುವುದು ಅನಶನ. ಹಸಿವಿಗಿಂತ ಕಡಿಮೆ ಉಣ್ಣುವುದು ಊನೋದರ. ತುಪ್ಪ, ಹಾಲು, ಉಪ್ಪಿನಂಥದ್ದನ್ನು ಬಿಟ್ಟು ಉಣ್ಣುವುದು ರಸಪರಿತ್ಯಾಗ. ಇಲ್ಲಿ ಮೆಚ್ಚಿಸಬೇಕಾದ ದೇವರಿಲ್ಲ. ಸೃಷ್ಟಿಕರ್ತನೇ ಇಲ್ಲ. ತೀರ್ಥಂಕರರು ದಾಟಿ ಹೋದವರು, ದಾರಿ ತೋರಿಸಿದವರು. ನಮ್ಮ ದೋಣಿಯ ನೀರನ್ನು ಅವರು ಬಂದು ಮೊಗೆಯುವುದಿಲ್ಲ.

ಕೊನೆಗಾಲದಲ್ಲಿ ಅನ್ನನೀರು ಬಿಡುತ್ತಾ ಹೋಗುವ ಸಲ್ಲೇಖನ ಅರ್ಥವಾಗುವುದೂ ಇಲ್ಲೇ. 2015ರ ಆಗಸ್ಟಿನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಅಂತ ಪರಿಗಣಿಸಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಜೈನರ ವಾದ ಏನೆಂದರೆ, ಆತ್ಮಹತ್ಯೆ ನಡೆಯುವುದು ಕಷಾಯದ ಆವೇಗದಲ್ಲಿ, ಸಲ್ಲೇಖನ ನಡೆಯುವುದು ಕಷಾಯಗಳನ್ನು ಬಿಡುತ್ತಾ. ನೀವು ಒಪ್ಪಿ, ಬಿಡಿ. ಆದರೆ ಕಷಾಯ, ನಿರ್ಜರೆ ಎರಡೂ ಗೊತ್ತಿಲ್ಲದೆ ಆ ವಾದ ಏನು ಅಂತಲೇ ತಿಳಿಯುವುದಿಲ್ಲ.

ಬುದ್ಧನೂ ಮೊದಲು ಇದೇ ಥರದ ಕಠಿಣ ತಪಸ್ಸು ಮಾಡಿದವನು. ಎಲುಬು ಎದ್ದು ಕಾಣುವ ತನಕ ಊಟ ಬಿಟ್ಟ. ಉಪಯೋಗವಿಲ್ಲ ಅಂತ ಕಂಡ ಮೇಲೆ ಸುಜಾತೆ ಕೊಟ್ಟ ಹಾಲುಪಾಯಸ ಉಂಡ. ಅವನಿಗೆ ಹೊಳೆದದ್ದು ಬೇರೆ: ದುಃಖದ ಬೇರು ತೃಷ್ಣೆ, ಬೇಕು ಬೇಕು ಅನ್ನುವುದು. ಮೈಯನ್ನು ಒಣಗಿಸಿದರೆ ಅದು ಸಾಯುವುದಿಲ್ಲ. ಭೋಗವೂ ಬೇಡ, ದಂಡನೆಯೂ ಬೇಡ ಅನ್ನುವುದು ಮಧ್ಯಮ ಮಾರ್ಗ. ಜೈನರು ಕರ್ಮ ಅಂಟುವ ಜೀವ ಇದೆ ಅಂದರು, ಬುದ್ಧ ಶಾಶ್ವತವಾದ ಆತ್ಮವೇ ಇಲ್ಲ ಅಂದ. ಅದು ಅನಾತ್ಮ. ಕರ್ಮ ಅಂದರೆ ಚೇತನಾ, ಅಂದರೆ ಮನಸ್ಸಿನ ಉದ್ದೇಶ ಅಂದ. ಆದರೂ ಅವನ ಭಿಕ್ಷುಗಳು ಮಧ್ಯಾಹ್ನದ ಮೇಲೆ ಉಣ್ಣುವಂತಿಲ್ಲ. ಅದು ಶಿಸ್ತಿಗೆ ಇಟ್ಟ ನಿಯಮ, ಅದರಿಂದ ಕರ್ಮವೇನೂ ಉದುರುವುದಿಲ್ಲ.

ಹಿಂದೂಗಳ ಉಪವಾಸಕ್ಕೆ ಒಂದೇ ಉತ್ತರ ಹುಡುಕಬೇಡಿ, ಸಿಗುವುದಿಲ್ಲ. ಮಾಧ್ವರ ಮನೆಯಲ್ಲಿ ಏಕಾದಶಿಗೆ ಒಲೆ ಹಚ್ಚದೆ ಇದ್ದು ಮರುದಿನ ಬೆಳಿಗ್ಗೆ ಬೇಗ ಪಾರಣೆ ಮಾಡುತ್ತಾರೆ. ಅದು ಹರಿಯ ಸೇವೆ. ವೃಶ್ಚಿಕ ಸಂಕ್ರಮಣ ಕಳೆಯಿತು ಅಂದರೆ ಸಾಕು, ನಮ್ಮ ಊರಲ್ಲಿ ಆಟೋ ಓಡಿಸುವವರಿಂದ ಹಿಡಿದು ಬ್ಯಾಂಕಿನವರ ತನಕ ಮಾಲೆ ಹಾಕುತ್ತಾರೆ. 41 ದಿನದ ವ್ರತ. ಮಾಲೆ ಹಾಕಿದವನನ್ನು ಹೆಸರು ಹಿಡಿದು ಕರೆಯುವುದಿಲ್ಲ, ಅವನೂ ಸ್ವಾಮಿ. ದರ್ಶನಕ್ಕೆ ಹೋಗುವವನನ್ನೇ ದೇವರ ಹೆಸರಿನಿಂದ ಕರೆಯುವುದು! ಶಬರಿಮಲೆಯ ಸನ್ನಿಧಾನದಲ್ಲಿ ತತ್ತ್ವಮಸಿ ಅಂತ ಬರೆದಿರುವುದನ್ನು ನೋಡಿದರೆ ಕಾರಣ ತಿಳಿಯುತ್ತದೆ. ಅದೇ ನೀನು ಅನ್ನುವ ಛಾಂದೋಗ್ಯ ಉಪನಿಷತ್ತಿನ ಮಾತು, ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಹೇಳಿದ್ದು. ಜೀವ ಬೇರೆ ಬ್ರಹ್ಮ ಬೇರೆ ಅಲ್ಲ ಅನ್ನುವ ಅದ್ವೈತ ಇದನ್ನೇ ಆಧಾರ ಮಾಡಿಕೊಂಡಿದೆ.

ಮಧ್ವಾಚಾರ್ಯರು ಅದೇ ವಾಕ್ಯವನ್ನು ಅತತ್ ತ್ವಮಸಿ ಅಂತ ಬಿಡಿಸಿದರು. ಅದು ನೀನಲ್ಲ! ಜೀವ ಬೇರೆ, ದೇವರು ಬೇರೆ, ಎಂದೆಂದಿಗೂ ಬೇರೆ. ಈ ವಾದ ನಡೆದದ್ದು ಎಲ್ಲೋ ಕಾಶಿಯಲ್ಲಿ ಮಾತ್ರ ಅಂದುಕೊಳ್ಳಬೇಡಿ. ಕುಂಬಳೆ ಸೀಮೆಯ ಅರಸ ಜಯಸಿಂಹನ ಕಾಲದಲ್ಲಿ ಇದೇ ಮಣ್ಣಿನಲ್ಲಿ ತ್ರಿವಿಕ್ರಮ ಪಂಡಿತರು ಮಧ್ವರೊಂದಿಗೆ ದಿನಗಟ್ಟಲೆ ವಾದ ಮಾಡಿ ಕೊನೆಗೆ ಅವರ ಶಿಷ್ಯರಾದರು. ಮಾಧ್ವರು ಈಗಲೂ ಹೇಳುವ ವಾಯುಸ್ತುತಿ ಆ ತ್ರಿವಿಕ್ರಮ ಪಂಡಿತರದ್ದೇ. ಅದ್ವೈತ, ದ್ವೈತ ಅನ್ನುವುದು ನನಗೆ ಪರೀಕ್ಷೆಯ ಪದವಾಗಿ ಯಾವತ್ತೂ ಕಂಡಿಲ್ಲ. ಬಸ್ಸಿನಲ್ಲಿ ಹೋಗುವಾಗ ಕಾಣುವ ಊರುಗಳಲ್ಲಿ ಜನ ಅದಕ್ಕಾಗಿ ತಲೆ ಕೆಡಿಸಿಕೊಂಡಿದ್ದರು.

ನಿಮ್ಮ ಪಟ್ಟಿಯಲ್ಲಿ ಇರಲಾರದ ಒಂದನ್ನು ಸೇರಿಸುತ್ತೇನೆ. ಇಲ್ಲಿ ದೈವ ಕಟ್ಟುವವರು, ತೆಯ್ಯಂ ಕಟ್ಟುವವರು, ಅಂದರೆ ದೈವದ ವೇಷ ಹಾಕಿ ಕುಣಿಯುವವರು, ಮೊದಲು ಕೆಲವು ದಿನ ವ್ರತ ಹಿಡಿಯುತ್ತಾರೆ. ಆ ವ್ರತ ಮೋಕ್ಷಕ್ಕಲ್ಲ. ದೈವ ಮೈಮೇಲೆ ಬರಲು, ಊರಿಗೆ ನುಡಿ ಕೊಡಲು ಆ ದೇಹ ತಯಾರಾಗಬೇಕು. ಜಗತ್ತಿನ ಧರ್ಮಗಳು ಅಂದಾಗ ಗ್ರಂಥ ಇದ್ದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಯಹೂದಿಗಳು ಈಗ ನಮ್ಮ ಕಡೆ ಇಲ್ಲ. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ ಇದೆ. ಅವರ ಯೋಮ್ ಕಿಪ್ಪುರ್ ದಿನ ಸುಮಾರು 25 ಗಂಟೆ ಅನ್ನನೀರು ಇಲ್ಲ. ಅದು ತೆಶುವಾದ ದಿನ, ಅಂದರೆ ತಪ್ಪು ಬಿಟ್ಟು ದೇವರ ಕಡೆ ತಿರುಗುವುದು. ದೇವರೊಂದಿಗೆ ಮಾಡಿಕೊಂಡ ಒಡಂಬಡಿಕೆಗೆ ಮರಳುವುದು. ಅವರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿ ಒಂದು ಷರತ್ತಿದೆ, ನನಗೆ ಬಹಳ ಇಷ್ಟ. ದೇವರಿಗೆ ಮಾಡಿದ ತಪ್ಪು ಆ ದಿನ ತೀರುತ್ತದೆ. ಪಕ್ಕದವನಿಗೆ ಮಾಡಿದ ತಪ್ಪು ಅವನನ್ನು ಸಮಾಧಾನ ಮಾಡುವ ತನಕ ತೀರುವುದಿಲ್ಲ.

ಸಿಖ್ಖರು ಉಪವಾಸಕ್ಕೆ ಬೆಲೆಯನ್ನೇ ಕೊಡುವುದಿಲ್ಲ. ಇದೂ ಒಂದು ಉತ್ತರವೇ. ಅವರ ಪ್ರಕಾರ ತೊಂದರೆ ಇರುವುದು ಹೌಮೈಯಲ್ಲಿ, ನಾನು ಅನ್ನುವುದರಲ್ಲಿ. ನಾನು ಉಪವಾಸ ಮಾಡಿದೆ ಅಂದರೆ ಅದು ಇನ್ನೂ ಉಬ್ಬುತ್ತದೆ. ಅದಕ್ಕೆ ಹಸಿದು ಕೂರುವ ಬದಲು ಲಂಗರ್‌ನಲ್ಲಿ, ಅಂದರೆ ಗುರುದ್ವಾರದ ಊಟದ ಮನೆಯಲ್ಲಿ, ಎಲ್ಲರೂ ಸಾಲಾಗಿ ನೆಲದ ಮೇಲೆ ಕೂತು ಉಣ್ಣುತ್ತಾರೆ.

ಎಲ್ಲ ಒಂದೇ ಅಲ್ವಾ ಅಂದಿರಲ್ಲ, ಇಲ್ಲ. ಒಂದೇ ಅಲ್ಲ. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಹೇಳುತ್ತೇವೆ, ಆದರೆ ಸುಮ್ನೆ ಹಾಗೆ ಹೇಳಿದರೆ ಎದುರಿಗಿರುವವರ ಮಾತು ಕೇಳಿಸಿಕೊಂಡಂತೆ ಆಗುವುದಿಲ್ಲ. ಸೃಷ್ಟಿಕರ್ತನೇ ಇಲ್ಲ ಅನ್ನುವ ಜೈನರಿಗೆ ಎಲ್ಲ ದೇವರೂ ಒಂದೇ ಅಂತ ಸಮಾಧಾನ ಹೇಳಿದರೆ ಏನು ಪ್ರಯೋಜನ? ಮಂಜೇಶ್ವರದ ಉದ್ಯಾವರದಲ್ಲಿ ಅರಸು ಮಂಜಿಷ್ಣಾರ್ ದೈವಗಳ ಜಾತ್ರೆಗೆ ಮೊದಲು ದೈವದ ಪಾತ್ರಿಗಳು ಒಂದು ಶುಕ್ರವಾರ ಮಸೀದಿಗೆ ಹೋಗಿ ಜಮಾಅತಿನವರನ್ನು ಆಮಂತ್ರಿಸಿ ಬರುತ್ತಾರೆ. ತಲೆಮಾರುಗಳಿಂದ ನಡೆದ ಕ್ರಮ. ಅಲ್ಲಿ ಯಾರೂ ನಿಮ್ಮದೂ ನಮ್ಮದೂ ಒಂದೇ ಅನ್ನುವುದಿಲ್ಲ. ತೌಹೀದ್ ತೌಹೀದೇ, ದೈವ ದೈವವೇ. ಆಮಂತ್ರಣ ಮಾತ್ರ ತಪ್ಪುವುದಿಲ್ಲ.

ಇನ್ನು ಓದುವ ರೀತಿ. ಪ್ರತಿ ಧರ್ಮಕ್ಕೂ ಒಂದು ಪುಟ ಇಡಿ. ಮೇಲೆ ಯಾಕೆ ಉಣ್ಣುವುದಿಲ್ಲ ಅಂತ ಬರೆಯಿರಿ, ಉತ್ತರದಲ್ಲಿ ಬಂದ ಪದಗಳನ್ನು ಮಾತ್ರ ಕೆಳಗೆ ಸೇರಿಸುತ್ತಾ ಹೋಗಿ. ಆಮೇಲೆ ಹತ್ತಿರದವರನ್ನು ಕೇಳಿ. ನಿಮ್ಮ ಧರ್ಮ ಏನು ಹೇಳುತ್ತದೆ ಅಂತ ಕೇಳಿದರೆ ಎಲ್ಲರೂ ಶಾಂತಿ ಅಂತ ಹೇಳಿ ಮುಗಿಸುತ್ತಾರೆ. ಸಣ್ಣ ಪ್ರಶ್ನೆ ಕೇಳಬೇಕು. ನೋಂಬು ಹಿಡಿದ ಗೆಳೆಯನ ಹತ್ತಿರ, ಮರೆತು ನೀರು ಕುಡಿದುಬಿಟ್ಟರೆ ಏನು ಮಾಡ್ತೀಯಾ ಅಂತ ಕೇಳಿ. ಮರೆತು ಕುಡಿದರೆ ನೋಂಬು ಮುರಿಯುವುದಿಲ್ಲ, ಹಾಗೇ ಮುಂದುವರಿಸಬೇಕು ಅನ್ನುತ್ತಾನೆ. ಯಾಕೆ ಅಂತ ಕೇಳಿ. ಆಗ ಅವನು ರಾತ್ರಿ ಮಾಡುವ ನಿಯ್ಯತ್ತಿನ ಮಾತು ತೆಗೆಯುತ್ತಾನೆ, ಮನಸ್ಸಿನ ಸಂಕಲ್ಪ. ಅದನ್ನು ಬುದ್ಧನ ಚೇತನಾದ ಪಕ್ಕದಲ್ಲಿ ಬರೆದುಕೊಳ್ಳಿ, ಎರಡರಲ್ಲಿ ಏನು ವ್ಯತ್ಯಾಸ ಅಂತ ನೀವೇ ಹುಡುಕಿ.